ನಾಲ್ಕಡಿ ಹಲಗೆಯ ಮೇಲೊಂದು ರೈಲ್ವೆ ಯಾರ್ಡು

ಆಟದ ರೈಲು ಅಂದ ಕೂಡಲೇ ಕಣ್ಣ ಮುಂದೆ ಬರೋದು ಗಿರಗಿರ ಸುತ್ತುವ ರೈಲು. ಹತ್ತು ಸುತ್ತು ಹೊಡೆಯೋ ಹೊತ್ತಿಗೆ ಮಕ್ಕಳಿಗೂ ಬೇಜಾರು. ನಾನು ಹೇಳಹೊರಟಿರೋದು ಎಲ್ಲಿಗೂ ಹೋಗದ ರೈಲಿನ ಕಥೆ. ಅದು ಒಂದು ಹಲಗೆಯ ಮೇಲೆ ಹಿಂದೆ ಮುಂದೆ ಓಡಾಡಿಕೊಂಡಿರುತ್ತೆ, ಅಷ್ಟೆ. ಆದರೂ ರಾತ್ರಿ ಹನ್ನೊಂದಾದರೂ ನಮ್ಮನೆ ದೀಪ ಆರದಿರೋದಕ್ಕೆ ಅದೇ ಕಾರಣ :)

ಚಿಕ್ಕಂದಿನಲ್ಲಿ ನಮ್ಮೂರ ಸ್ಟೇಷನ್ನಿನಲ್ಲಿ ಶಂಟಿಂಗ್ ನೋಡೋದೇ ನನಗೊಂದು ಹಬ್ಬ. ಇಂಜಿನ್ ಎರಡು ವ್ಯಾಗನ್ ಎಳೆದುಕೊಂಡು ಮುಂದೆ ಬರೋದು, ಪಾಯಿಂಟ್ಸ್‌ಮನ್ ಹಳಿ ಬದಲಿಸೋದು, ಮತ್ತೆ ಹಿಂದಕ್ಕೆ ತಳ್ಳೋದು, "ಢಣ್" ಅಂತ ಕೊಂಡಿ ಬೀಳೋದು. ಯಾವ ವ್ಯಾಗನ್ ಎಲ್ಲಿಗೆ ಯಾಕೆ ಹೋಗ್ತಿದೆ ಅಂತ ಊಹಿಸುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳೀತಿರಲಿಲ್ಲ. ಈ ಊಹಿಸುವ ಸುಖವನ್ನೇ ಹಲಗೆಯ ಮೇಲೆ ಇಳಿಸಿದವರು ಇಬ್ಬರು. ಒಬ್ಬ ಅಮೆರಿಕದವನು, ಇನ್ನೊಬ್ಬ ಇಂಗ್ಲೆಂಡಿನವನು.

ಮೊದಲನೆಯವನು ಜಾನ್ ಅಲೆನ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಛಾಯಾಗ್ರಾಹಕ. 1940ರ ದಶಕದಲ್ಲಿ ಶುರು ಮಾಡಿದ ಅವನ 'ಗೋರಿ ಅಂಡ್ ಡಿಫೀಟೆಡ್' ರೈಲ್ವೆ ಬೆಳೆದೂ ಬೆಳೆದೂ ಮನೆಯ ನೆಲಮಾಳಿಗೆಯನ್ನೇ ತುಂಬಿಕೊಂಡಿತು. ನೆಲದಿಂದ ಚಾವಣಿವರೆಗೂ ಬೆಟ್ಟಗಳು, ಕಣಿವೆಗಳು, ಸೇತುವೆಗಳು. ಶಂಟಿಂಗ್ ಇಂಜಿನ್ ಬದಲು ಒಂದು ಡೈನೋಸಾರ್ ಬೊಂಬೆಯನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದ ತುಂಟ! ಅದಕ್ಕೆ ಎಮ್ಮಾ ಅಂತ ಹೆಸರು, 13 ಅಂತ ನಂಬರು.

ಇಂಥ ಸಾಮ್ರಾಜ್ಯದ ಒಡೆಯ 1972ರಲ್ಲಿ 'ಮಾಡೆಲ್ ರೈಲ್‌ರೋಡರ್' ಪತ್ರಿಕೆಗೆ ಒಂದು ಪುಟ್ಟ ಒಗಟಿನ ನಕ್ಷೆ ಕೊಟ್ಟ. ಹೆಸರು 'ಟೈಮ್‌ಸೇವರ್'. ಐದು ಪಾಯಿಂಟುಗಳು, ಬೇಕೆಂದೇ ಗಿಡ್ಡ ಮಾಡಿದ ಹಳಿಗಳು, ಕೆಲವೇ ವ್ಯಾಗನ್ನುಗಳು. ಯಾರು ಬೇಗ ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸ್ತಾರೆ ಅನ್ನೋದು ಪಂದ್ಯ. 1973ರ ಜನವರಿ 6ರಂದು ಅಲೆನ್ ತೀರಿಕೊಂಡ. ಹತ್ತೇ ದಿನದಲ್ಲಿ ಬೆಂಕಿ ಬಿದ್ದು, ಇನ್ನೂ ಪೂರ್ತಿಯಾಗದಿದ್ದ ಆ ಬೆಟ್ಟ ಕಣಿವೆಗಳೆಲ್ಲ ಹಾಳಾದವು. ಇವತ್ತು ಅದು ಫೋಟೋಗಳಲ್ಲಿ ಮಾತ್ರ ಇದೆ. ಟೈಮ್‌ಸೇವರ್ ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿ ಓಡ್ತಿದೆ.

ಎರಡನೆಯವನು ಇಂಗ್ಲೆಂಡಿನ ಆಲನ್ ರೈಟ್. ಅವನ 'ಇಂಗಲ್‌ನುಕ್ ಸೈಡಿಂಗ್ಸ್' ಇನ್ನೂ ಸರಳ. ಎರಡೇ ಪಾಯಿಂಟು, ಮೂರೇ ಸೈಡಿಂಗು. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತೆ, ಉಳಿದೆರಡರಲ್ಲಿ ಮೂರು ಮೂರು. ಇಂಜಿನ್ ಓಡಾಡೋ ತುದಿಯ ಹಳಿಯಲ್ಲಿ ಇಂಜಿನ್ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದನ್ನು ಆರಿಸಿ, ಚೀಟಿ ಬಂದ ಕ್ರಮದಲ್ಲೇ ಉದ್ದದ ಸೈಡಿಂಗಿನಲ್ಲಿ ಜೋಡಿಸಬೇಕು. ಲೆಕ್ಕ ಹಾಕಿ ನೋಡಿ: 8×7×6×5×4, ಅಂದರೆ 6720 ಬೇರೆ ಬೇರೆ ರೈಲುಗಳು! ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ಬೇಕು.

ರೈಟ್ ಇದನ್ನು ಗಾಳಿಯಿಂದ ಹುಟ್ಟಿಸಲಿಲ್ಲ. ಉತ್ತರ ಇಂಗ್ಲೆಂಡಿನ ಆನಿಕ್–ಕಾರ್ನ್‌ಹಿಲ್ ಶಾಖಾ ಮಾರ್ಗದಲ್ಲಿದ್ದ ಕಿಲ್ಹಮ್ ಎಂಬ ಹಳ್ಳಿಯ ಸೈಡಿಂಗುಗಳೇ ಅವನಿಗೆ ಮಾದರಿ. ಆ ಮಾರ್ಗ ಶುರುವಾದದ್ದು 1887ರಲ್ಲಿ. 1930ರಲ್ಲಿ ಪ್ರಯಾಣಿಕರ ರೈಲು ನಿಂತಿತು, 1948ರ ಪ್ರವಾಹದಲ್ಲಿ ಮಾರ್ಗವೇ ಎರಡು ತುಂಡಾಯಿತು, 1965ರಲ್ಲಿ ಕಿಲ್ಹಮ್ ಕಡೆಯ ಗೂಡ್ಸ್ ಗಾಡಿಯೂ ಹೋಯಿತು.

ಇದೇ ಹೊತ್ತಿಗೆ ಇನ್ನೊಂದು ಯೋಚನೆ ಬೆಳೀತು. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ 'ಎನ್‌ಟ್ರ್ಯಾಕ್' ಒಂದು ಅಳತೆ ನಿಗದಿ ಮಾಡಿತು. ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆ, ಅಂಚಿನಲ್ಲಿ ಹಳಿಗಳು ಬರೋ ಜಾಗ ಎಲ್ಲರದ್ದೂ ಒಂದೇ. ನಡುವೆ ಏನು ಬೇಕಾದರೂ ಮಾಡಿಕೊಳ್ಳಿ, ಒಟ್ಟಿಗೆ ಸೇರಿದಾಗ ಜೋಡಿಸಿದರೆ ಒಂದೇ ರೈಲ್ವೆ. 1981ರಲ್ಲಿ ಜರ್ಮನಿಯಲ್ಲಿ ಹುಟ್ಟಿದ 'ಫ್ರೆಮೊ' ಬಳಗವೂ ಇದೇ ಜಾಡಿನದು. ನೆಲಮಾಳಿಗೆ ಇಲ್ಲದ ನನ್ನಂಥ ಬಾಡಿಗೆ ಮನೆಯವರಿಗೂ ಇದರಿಂದ ಧೈರ್ಯ ಬಂತು.

ನನ್ನದು ಇಂಗಲ್‌ನುಕ್, 1:76ರ ಅಳತೆ. ಒಂದು ವ್ಯಾಗನ್ ಸುಮಾರು 8 ಸೆಂ.ಮೀ. ಐದು ವ್ಯಾಗನ್ನಿಗೆ 40, ಎರಡು ಪಾಯಿಂಟಿಗೆ 36, ಇಂಜಿನ್ ಮತ್ತು ಮೂರು ವ್ಯಾಗನ್ನಿಗೆ ಮತ್ತೆ 36. ಒಟ್ಟು 112, ನಾಲ್ಕಡಿಯೊಳಗೆ ಬಂತು. ಎರಡು ತುಂಡು ಮಾಡಿ ಬೋಲ್ಟ್ ಹಾಕಿದೆ, ಮನೆ ಬದಲಿಸುವಾಗ ಬಿಚ್ಚಬಹುದು ಅಂತ. ಆದರೆ ಮೊದಲ ಸಲ ಅತಿ ಬುದ್ಧಿವಂತಿಕೆ ಮಾಡಿದೆ. "ಸ್ವಲ್ಪ ಸಲೀಸಾಗಿರಲಿ" ಅಂತ ಹಲಗೆ ತುಸು ಉದ್ದ ಮಾಡಿ, ತುದಿಯ ಹಳಿಯಲ್ಲಿ ನಾಲ್ಕು ವ್ಯಾಗನ್ ಹಿಡಿಸೋ ಹಾಗೆ ಇಟ್ಟೆ. ಅಷ್ಟೇ, ಒಗಟಿನ ಜೀವವೇ ಹೋಯ್ತು! ಹಳಿಯ ತಡೆಗಂಬವನ್ನು ಒಂದು ವ್ಯಾಗನ್ನಿನಷ್ಟು ಒಳಗೆ ತಂದ ಮೇಲೆ ಮತ್ತೆ ತಲೆ ಕೆರೆದುಕೊಳ್ಳೋ ಹಾಗಾಯಿತು. ಇಕ್ಕಟ್ಟೇ ಆಟ ಅಂತ ಅವತ್ತು ಗೊತ್ತಾಯಿತು.

1980ರ ದಶಕದಲ್ಲಿ ನಮ್ಮ ರೈಲ್ವೆಯೂ ಬಿಡಿ ವ್ಯಾಗನ್ ಬಿಟ್ಟು ಇಡೀ ರೇಕುಗಳ ಸಾಗಣೆಗೆ ಹೊರಳಿತು. ಅದರ ಜೊತೆ ಆ "ಢಣ್" ಸದ್ದೂ ಸಣ್ಣ ಸ್ಟೇಷನ್ನುಗಳಿಂದ ಮರೆಯಾಯಿತು. ಕಿಲ್ಹಮ್‌ನಲ್ಲೂ ಈಗ ಹಳಿಯಿಲ್ಲ. ಆದರೆ ಅಲ್ಲಿ ವ್ಯಾಗನ್ ಹೇಗೆ ಸರಿಸುತ್ತಿದ್ದರು ಅನ್ನೋದು, ಆ ಊರು ನೋಡದ ನನ್ನ ಕೈಗೂ ಗೊತ್ತಿದೆ. ಕಟ್ಟಡಗಳ ಫೋಟೋ ಎಲ್ಲರೂ ಇಡ್ತಾರೆ, ಕೆಲಸದ ನೆನಪು ಇಡೋದು ಕಷ್ಟ. ಎಂಟು ವ್ಯಾಗನ್ ಅದನ್ನು ಇಟ್ಟುಕೊಂಡಿವೆ.

ನಿಮ್ಮೂರ ಸ್ಟೇಷನ್ನಿನಲ್ಲಿ ಶಂಟಿಂಗ್ ನೋಡಿದ ನೆನಪಿದ್ದರೆ ನೀವೂ ಬರೆದಿಡಿ. ಎಷ್ಟು ಹಳಿ, ಯಾವ ಗೋದಾಮು, ಯಾವ ಕಡೆಯಿಂದ ಇಂಜಿನ್... ಅಷ್ಟು ಸಾಕು, ಒಂದು ಹಲಗೆಗೆ ಆಗುತ್ತೆ.

ಸರಿ, ಚೀಟಿ ಎತ್ತಿದ್ದೀನಿ. ಹೊರಡ್ತೀನಿ :)