ಕರುಳಿನ ಕಾಯಿಲೆ ಮತ್ತು ಬಿಡದ ಕೆಮ್ಮು

ತಿಂಗಳುಗಟ್ಟಲೆ ಭೇದಿ, ಹೊಟ್ಟೆನೋವು, ತೂಕ ಇಳಿಕೆ, ಜೊತೆಗೆ ಬಿಡದ ಕೆಮ್ಮು: ಭಾರತದಲ್ಲಿ ಈ ಲಕ್ಷಣಗಳು ಒಟ್ಟಾಗಿ ಕಂಡರೆ ಮೊದಲ ಸಂಶಯ ಕ್ಷಯದ ಮೇಲೆಯೇ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳೂ ಇದಕ್ಕೆ ಹೊರತಲ್ಲ. ಸಂಶಯಕ್ಕೆ ಆಧಾರವೂ ಇದೆ. ಶ್ವಾಸಕೋಶದ ಕ್ಷಯವಿದ್ದವರು ಕಫ ನುಂಗಿದಾಗ ರೋಗಾಣು ಕರುಳಿಗಿಳಿದು, ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದಲ್ಲಿ ಹುಣ್ಣು ಮಾಡಬಲ್ಲದು.

ಈ ತಾಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಆಗ ದೊಡ್ಡ ದವಾಖಾನೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಬೇಕಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು; 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಶುರುವಾಯಿತು. ಆ ಕಾರ್ಯಕ್ರಮದ ಬೆನ್ನೆಲುಬು ಕಫ ಪರೀಕ್ಷೆಯಾಗಿತ್ತು. ಬಣ್ಣ ಹಾಕಿದ ಗಾಜಿನ ಪಟ್ಟಿಯ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಂಡರೆ ಕ್ಷಯವೆಂದು ಲೆಕ್ಕ. 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ವೈದ್ಯ ಶಿಕ್ಷಣ ಜಿಲ್ಲೆಯೊಳಗೇ ಬಂತು.

ಆದರೆ ಇದೇ ಲಕ್ಷಣಗಳಿಂದ ಕ್ಷಯವನ್ನು ಹೋಲುವ ಇನ್ನೊಂದು ಗುಂಪಿನ ಕಾಯಿಲೆಯೂ ಇದೆ: ಕರುಳಿನ ಉರಿಯೂತ. 1859ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ವಿಲ್ಕ್ಸ್ ದೊಡ್ಡಕರುಳಿನ ಹುಣ್ಣಿನ ಉರಿಯೂತವನ್ನೂ, 1932ರಲ್ಲಿ ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ಸಂಗಡಿಗರು ಕ್ರೋನ್ ಕಾಯಿಲೆಯನ್ನೂ ವಿವರಿಸಿದರು. ಇವು ಶ್ವಾಸನಾಳಗಳನ್ನೂ ಕೆಡಿಸಬಲ್ಲವು ಎಂಬುದು ಗಮನ ಸೆಳೆದದ್ದು 1976ರಲ್ಲಿ. ಆಗ ಕ್ರಾಫ್ಟ್ ಎಂಬ ವೈದ್ಯ ಮತ್ತು ಸಹೋದ್ಯೋಗಿಗಳು ಆರು ರೋಗಿಗಳ ದೀರ್ಘಕಾಲದ ಕೆಮ್ಮು, ಕಫವನ್ನು ಕರುಳಿನ ಉರಿಯೂತಕ್ಕೆ ಜೋಡಿಸಿದರು.

ಕರುಳೂ ಶ್ವಾಸನಾಳಗಳೂ ಭ್ರೂಣದ ಒಂದೇ ನಾಳದಿಂದ ಬೆಳೆಯುತ್ತವೆ. ಎರಡರ ಲೋಳೆಪೊರೆಯ ರಕ್ಷಣಾ ವ್ಯವಸ್ಥೆಗೂ ನಂಟಿದೆ. ಕರುಳಿನ ಉರಿಯೂತ ಎದೆಗೆ ತಾಗಲು ಇದೇ ಕಾರಣವಿರಬಹುದೆಂದು ಭಾವಿಸಲಾಗಿದೆ. ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವುದು ಹೆಚ್ಚಾಗಿ ಕಾಣುವ ತೊಂದರೆ. ರೋಗಪೀಡಿತ ದೊಡ್ಡಕರುಳನ್ನು ತೆಗೆದ ಮೇಲೂ ಇದು ತಲೆದೋರಬಹುದು. ಸಲ್ಫಾಸಲಜೀನ್, ಮೆಸಲಮೀನ್, ಮೆಥೋಟ್ರೆಕ್ಸೇಟ್ ಔಷಧಿಗಳಿಂದಲೂ ಅಪರೂಪಕ್ಕೆ ಶ್ವಾಸಕೋಶದಲ್ಲಿ ಉರಿಯೂತವಾಗುತ್ತದೆ.

ಕ್ಷಯವನ್ನೂ ಕರುಳಿನ ಉರಿಯೂತವನ್ನೂ ಬೇರ್ಪಡಿಸಿ ಗುರುತಿಸುವುದು ಚಿಕಿತ್ಸೆಯ ಪ್ರಶ್ನೆಯೂ ಹೌದು. ಉರಿಯೂತಕ್ಕೆ ಸ್ಟಿರಾಯ್ಡ್ ಬೇಕು. ಕ್ಷಯವನ್ನು ಗುರುತಿಸದೆ ಅದನ್ನೇ ಕೊಟ್ಟರೆ ರೋಗ ಉಲ್ಬಣಿಸುತ್ತದೆ. 1998ರಲ್ಲಿ ಕ್ರೋನ್ ಕಾಯಿಲೆಗೆ ಅನುಮತಿ ಪಡೆದ ಇನ್‌ಫ್ಲಿಕ್ಸಿಮ್ಯಾಬ್ ಸುಪ್ತ ಕ್ಷಯವನ್ನು ಕೆರಳಿಸುತ್ತದೆಂದು 2001ರಲ್ಲಿ ವರದಿಯಾಯಿತು. ಹಾಗಾಗಿ ಇಂಥ ಔಷಧಿಗೆ ಮುನ್ನ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಕಡ್ಡಾಯವೆನ್ನುವಷ್ಟು ರೂಢಿಯಾಗಿವೆ.