ಯಶಸ್ವಿನಿ: ರೈತರ ಆರೋಗ್ಯವಿಮೆಯ ವೃತ್ತಾಂತ

ಮೈಸೂರು ಸೀಮೆಗೆ ವಿಮೆಯೆಂಬುದು ಹೊಸ ಮಾತಲ್ಲ. 1891ರಲ್ಲಿಯೇ ಸಂಸ್ಥಾನದ ಸರಕಾರವು ತನ್ನ ನೌಕರರಿಗಾಗಿ ಜೀವವಿಮೆಯ ಇಲಾಖೆಯೊಂದನ್ನು ಸ್ಥಾಪಿಸಿದ್ದಿತು. ಆದರೆ ಅದು ಸಂಬಳದವರ ಜೀವಕ್ಕೆ ಸಂಬಂಧಿಸಿದುದೇ ಹೊರತು ರೋಗಕ್ಕೆ ಸಂಬಂಧಿಸಿದುದಲ್ಲ. ಕಾರ್ಖಾನೆಯ ಕೆಲಸಗಾರರಿಗೆ 1948ರ ಕಾಯಿದೆಯು ರೋಗವಿಮೆಯನ್ನು ಒದಗಿಸಿತು. 1986ರಲ್ಲಿ ಬಂದ ಮೆಡಿಕ್ಲೇಮ್ ಪಟ್ಟಣದ ಅನುಕೂಲಸ್ಥರಿಗೆ ದೊರೆಯಿತು. ಹಸು ಕಟ್ಟಿ, ರೇಷ್ಮೆಹುಳು ಸಾಕಿ ಬಾಳುವ ಚಿಂತಾಮಣಿ, ಶಿಡ್ಲಘಟ್ಟಗಳ ರೈತನಿಗೆ ಎರಡೂ ಎಟುಕಲಿಲ್ಲ. ಮನೆಯಲ್ಲೊಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದರೆ ಒಡವೆಯನ್ನು ಅಡವಿಡಬೇಕು, ಸಾಲ ಮಾಡಬೇಕು, ಇಲ್ಲವೆ ನೋವನ್ನು ನುಂಗಿಕೊಂಡಿರಬೇಕು.

ಈ ಕೊರತೆಯನ್ನು ನೀಗಲು ಹುಟ್ಟಿದುದು ಯಶಸ್ವಿನಿ. ಹೃದಯದ ಶಸ್ತ್ರವೈದ್ಯರಾದ ಡಾ. ದೇವಿಪ್ರಸಾದ ಶೆಟ್ಟಿಯವರ ಆಲೋಚನೆಯು ಸಹಕಾರ ಇಲಾಖೆಯ ಬೆಂಬಲದಿಂದ 2003ರ ಜೂನ್ ತಿಂಗಳಲ್ಲಿ ಕಾರ್ಯರೂಪಕ್ಕೆ ಬಂದಿತು. ಸಹಕಾರ ಸಂಘದ ಸದಸ್ಯನು ತಲೆಯೊಂದಕ್ಕೆ ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ 5 ರೂಪಾಯಿ ಕೊಡತಕ್ಕದ್ದು. ಸರಕಾರವೂ ತನ್ನ ಪಾಲನ್ನು ಸೇರಿಸತಕ್ಕದ್ದು. ಆಗಿನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿಯಂತಹ ತಾಲ್ಲೂಕಿನಲ್ಲಿ ಹಳ್ಳಿಯ ಹಾಲಿನ ಡೈರಿಯೇ ಇಂತಹ ಸಂಘ. ಇದರ ಹಿಂದೆ ಲಾಭವನ್ನು ಬಯಸುವ ವಿಮಾ ಕಂಪನಿಯಿರಲಿಲ್ಲ. ಟ್ರಸ್ಟೊಂದು ಹಣವನ್ನು ಕಾಯುತ್ತಿದ್ದಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು.

ಇದರ ಮರ್ಮವೆಲ್ಲ ದರಪಟ್ಟಿಯಲ್ಲಿತ್ತು. ಸಾಮಾನ್ಯ ವಿಮೆಯಲ್ಲಿ ಆಸ್ಪತ್ರೆಯು ಬಿಲ್ಲನ್ನು ಬೆಳೆಸುವುದು, ಕಂಪನಿಯು ಅದನ್ನು ಕತ್ತರಿಸುವುದು, ನಡುವೆ ರೋಗಿಯು ಒದ್ದಾಡುವುದು. ಇಲ್ಲಿಯಾದರೋ ಒಂದೊಂದು ಶಸ್ತ್ರಚಿಕಿತ್ಸೆಗೆ ಹಾಸಿಗೆ, ಔಷಧ, ವೈದ್ಯರ ಶುಲ್ಕಗಳೆಲ್ಲವೂ ಸೇರಿ ಒಂದೇ ಮೊತ್ತವೆಂದು ಮುಂಚಿತವಾಗಿಯೇ ಗೊತ್ತುಪಡಿಸಲಾಯಿತು. ಅದಕ್ಕಿಂತ ಹೆಚ್ಚು ವೆಚ್ಚವಾದರೆ ನಷ್ಟವು ಆಸ್ಪತ್ರೆಯದು. ಹಾಸಿಗೆಗಳು ಬರಿದಾಗಿದ್ದ ಆಸ್ಪತ್ರೆಗಳಿಗೆ ಈ ಅಲ್ಪದರವೂ ಲಾಭವೇ. ರೋಗಿಗಳು ತುಂಬಿದ್ದವುಗಳಿಗೆ ಅದು ಹೊರೆ. ವೈದ್ಯನು ಮೊದಲು ಪರೀಕ್ಷಾಪತ್ರಗಳನ್ನು ಕಳುಹಿಸಿ ಆಡಳಿತ ಸಂಸ್ಥೆಯ ಅನುಮತಿಯನ್ನು ಪಡೆಯಬೇಕಾಗಿದ್ದಿತು. ರೋಗವನ್ನು ಕಣ್ಣಾರೆ ಕಂಡವನು ಕಾಣದವನ ಅಪ್ಪಣೆಗೆ ಕಾಯುವುದು ವಿಚಿತ್ರವೆನಿಸಿದರೂ, ಶಸ್ತ್ರಕ್ಕೆ ಮಾತ್ರ ಬೆಲೆ ಕಟ್ಟಿದ ಏರ್ಪಾಡಿನಲ್ಲಿ ಅಂತಹ ಕಾವಲು ಅನಾವಶ್ಯಕವಾಗಿರಲಿಲ್ಲ. ಶಸ್ತ್ರವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು: ಅದು ಅಪರೂಪ, ವೆಚ್ಚವು ದೊಡ್ಡದು, ಲೆಕ್ಕಕ್ಕೆ ಸಿಕ್ಕುವಂತಹುದು. ಬಡ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆಯು ಸಾಧ್ಯವಾದುದು ಇದರಿಂದಲೇ. ಸಕ್ಕರೆ ಕಾಯಿಲೆಯವನು ವರ್ಷವಿಡೀ ನುಂಗುವ ಗುಳಿಗೆ ಮಾತ್ರ ಅವನ ಕೈಯಿಂದಲೇ ಆಗಬೇಕಾಗಿದ್ದಿತು.

2005ರಲ್ಲಿ ಕಂತು 120 ರೂಪಾಯಿಗೆ ಏರಿತು. ಕೂಡಲೇ 20 ಲಕ್ಷದಷ್ಟಿದ್ದ ಸದಸ್ಯರ ಸಂಖ್ಯೆಯು 15 ಲಕ್ಷದೊಳಕ್ಕೆ ಇಳಿಯಿತು. ಕಂತು ಏರಿದಾಗ ಮೊದಲು ಬಿಡುವವನು ಆರೋಗ್ಯವಂತನು, ರೋಗವಿರುವವನು ಬಿಡಲಾರನು. ಹೀಗೆ ನಿಧಿಗೆ ಬರುವ ಹಣವು ಕುಗ್ಗಿ, ಹೋಗುವ ಹಣವು ಹೆಚ್ಚುವುದು. ಕಾಯಿಲೆ ಬೀಳದೆ ವರ್ಷ ಕಳೆದರೆ ದುಡ್ಡು ಹೋಯಿತೆಂದು ಕೊರಗುವವನಿಗೆ, ಆ ದುಡ್ಡಿನಿಂದ ಪಕ್ಕದ ಊರಿನವನೊಬ್ಬನು ಬದುಕಿರಬಹುದೆಂದು ತಿಳಿಯಹೇಳುವವರು ಕಡಮೆ.

2018ರಲ್ಲಿ ಸರಕಾರವು ಈ ಯೋಜನೆಯನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ಲೀನಗೊಳಿಸಿತು. ಕಂತಿನ ತೊಂದರೆಯೇನೋ ತಪ್ಪಿತು. ಆದರೆ ಬಡತನದ ರೇಖೆಗಿಂತ ಮೇಲಿದ್ದವರಿಗೆ ನಿಗದಿತ ದರದಲ್ಲಿ ನೂರಕ್ಕೆ 30 ಭಾಗ ಮಾತ್ರ ನೆರವು. ಅದೂ ಸಾಧಾರಣವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿದ್ದರೆ. ನಾಲ್ಕೆಕರೆ ಖುಷ್ಕಿ ಭೂಮಿಯುಳ್ಳ ರೈತನು ಪತ್ರದ ಲೆಕ್ಕದಲ್ಲಿ ಬಡವನಲ್ಲದಿರಬಹುದು. ತನ್ನ ಯಶಸ್ವಿನಿ ಚೀಟಿಯನ್ನು ಹಿಡಿದು ಸುಮಾರು 75 ಕಿಲೋಮೀಟರು ದೂರದ ಬೆಂಗಳೂರಿಗೆ ನೇರವಾಗಿ ಹೋಗುತ್ತಿದ್ದವನು ಈಗ ಮೊದಲು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬೇಕಾಯಿತು.

ಸಹಕಾರಿಗಳ ಒತ್ತಾಯದಿಂದ 2022ರಲ್ಲಿ ಯಶಸ್ವಿನಿಯು ಪುನಃ ಘೋಷಿತವಾಗಿ, 2023ರ ಜನವರಿಯಿಂದ ಚಿಕಿತ್ಸೆಯು ಮೊದಲಾಯಿತು. ಆಗ ಹಳ್ಳಿಯಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಕಂತು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ತೀವ್ರನಿಗಾ ಘಟಕದ ಚಿಕಿತ್ಸೆಗಳೂ ಪಟ್ಟಿಗೆ ಸೇರಿದುವು. ದಿನನಿತ್ಯದ ಗುಳಿಗೆ ಆಗಲೂ ಹೊರಗೇ ಉಳಿಯಿತು.