ಹಿಲ್, ಡೇಮನ್

1960-. ಬ್ರಿಟನ್ನಿನ ಕಾರ್ ರೇಸ್ ಚಾಲಕ, 1996ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್. ಹುಟ್ಟಿದ್ದು 1960ರ ಸೆಪ್ಟೆಂಬರ್ 17ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಗ್ರಹಾಂ ಹಿಲ್ 1962ರಲ್ಲೂ 1968ರಲ್ಲೂ ಇದೇ ಪಟ್ಟ ಗೆದ್ದವನು. ವಿಶ್ವ ಚಾಂಪಿಯನ್ನನ ಮಗ ತಾನೂ ವಿಶ್ವ ಚಾಂಪಿಯನ್ ಆದ ಮೊದಲ ನಿದರ್ಶನ ಡೇಮನ್‌ನದು. ಎರಡನೆಯದಕ್ಕೆ ಇಪ್ಪತ್ತು ವರ್ಷ ಬೇಕಾಯಿತು: 2016ರಲ್ಲಿ ಕೇಕೆ ರೋಸ್‌ಬರ್ಗ್‌ನ ಮಗ ನಿಕೊ ಗೆದ್ದ. ಅಪ್ಪನ ಹೆಸರಿನಿಂದ ಮೇಲೆ ಬಂದವನು ಎಂಬ ಮಾತು ವೃತ್ತಿಯುದ್ದಕ್ಕೂ ಡೇಮನ್‌ನ ಬೆನ್ನಿಗಿತ್ತು. ಅದು ಅರ್ಧ ಮಾತ್ರ ನಿಜ. ಅಪ್ಪನಿಂದ ಹೆಸರೇನೋ ಬಂತು, ಹಣ ಬರಲಿಲ್ಲ. ಹಣದ ಬದಲು ಮನೆಗೆ ಬಂದದ್ದು ಕೋರ್ಟಿನ ವ್ಯಾಜ್ಯ.

ಗ್ರಹಾಂ ಹಿಲ್ ಕಾರು ನಡೆಸಲು ಕಲಿತದ್ದೇ 24ನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನ ಆಟ ದೋಣಿ ಹುಟ್ಟುಹಾಕುವುದು. ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಸುತ್ತಿಗೆ 5 ಶಿಲ್ಲಿಂಗ್ ಕೊಟ್ಟರೆ ರೇಸ್ ಕಾರು ಓಡಿಸಬಹುದು ಎಂಬ ಜಾಹೀರಾತು ನೋಡಿ ಹೋದವನು ಆ ಕೆಲಸಕ್ಕೇ ಅಂಟಿಕೊಂಡ. ಲೋಟಸ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿ ಸೇರಿ, 1958ರ ಮೊನಾಕೊ ಗ್ರ್ಯಾನ್ ಪ್ರಿಯಲ್ಲಿ ಅದೇ ಕಂಪನಿಯ ಕಾರು ಓಡಿಸಿದ. ಮುಂದೆ ಮೊನಾಕೊದ ಇಕ್ಕಟ್ಟಿನ ಬೀದಿಗಳು ಅವನ ಹಿತ್ತಲಾದವು. 1963ರಿಂದ 1969ರ ನಡುವೆ ಅಲ್ಲಿ ಐದು ಸಲ ಗೆದ್ದ. 1966ರಲ್ಲಿ ಇಂಡಿಯಾನಾಪೊಲಿಸ್ 500, 1972ರಲ್ಲಿ ಲ ಮಾನ್‌ನ 24 ತಾಸಿನ ರೇಸು ಕೂಡ ಅವನ ಪಾಲಾದವು. ಈ ಮೂರೂ ಕಡೆ ಗೆದ್ದ ಚಾಲಕ ಇವತ್ತಿಗೂ ಅವನೊಬ್ಬನೇ. ಎಳೆದುಬಿಟ್ಟ ಮೀಸೆ, ಸಭೆಗಳಲ್ಲಿ ನಗಿಸುವ ಮಾತುಗಾರಿಕೆ, ಕಡುನೀಲಿ ಹೆಲ್ಮೆಟ್ಟಿನ ಸುತ್ತ ಲಂಡನ್ ರೋಯಿಂಗ್ ಕ್ಲಬ್ಬಿನ ಗುರುತಾದ ಬಿಳಿಯ ಹುಟ್ಟುಗಳು: ಅರವತ್ತರ ದಶಕದ ಬ್ರಿಟನ್ನಿನಲ್ಲಿ ರೇಸಿನ ಗಂಧವಿಲ್ಲದವರೂ ಅವನನ್ನು ಗುರುತಿಸುತ್ತಿದ್ದರು.

1969ರಲ್ಲಿ ಅಮೆರಿಕದ ವಾಟ್‌ಕಿನ್ಸ್ ಗ್ಲೆನ್‌ನಲ್ಲಿ ಗ್ರಹಾಂನ ಎರಡೂ ಕಾಲು ಮುರಿದವು. ವಾಪಸು ಬಂದನಾದರೂ ಮೊದಲಿನ ವೇಗ ಬರಲಿಲ್ಲ. 1973ರಲ್ಲಿ ಸ್ವಂತ ತಂಡ ಕಟ್ಟಿದ. 1975ರಲ್ಲಿ, ಐದು ಸಲ ಗೆದ್ದಿದ್ದ ಮೊನಾಕೊದಲ್ಲಿ ಅರ್ಹತಾ ಸುತ್ತನ್ನೇ ದಾಟಲಾಗದೆ ಚಾಲಕನ ಸೀಟು ಬಿಟ್ಟ. ಅದೇ ವರ್ಷ ನವೆಂಬರ್ 29ರ ರಾತ್ರಿ ಫ್ರಾನ್ಸಿನ ಪಾಲ್ ರಿಕಾರ್ ಟ್ರ್ಯಾಕಿನಲ್ಲಿ ಕಾರು ಪರೀಕ್ಷಿಸಿ ಮರಳುವಾಗ, ಅವನೇ ನಡೆಸುತ್ತಿದ್ದ ಪೈಪರ್ ಆಜ್ಟೆಕ್ ವಿಮಾನ ದಟ್ಟ ಮಂಜಿನಲ್ಲಿ ಲಂಡನ್ನಿನ ಉತ್ತರದ ಆರ್ಕ್ಲಿ ಗಾಲ್ಫ್ ಮೈದಾನಕ್ಕೆ ಬಿದ್ದಿತು. ಗ್ರಹಾಂ, ತಂಡದ ಭರವಸೆಯ ಯುವ ಚಾಲಕ ಟೋನಿ ಬ್ರೈಸ್, ಕಾರಿನ ವಿನ್ಯಾಸಕಾರ ಆಂಡಿ ಸ್ಮಾಲ್‌ಮನ್ ಸೇರಿ ಆರು ಮಂದಿ ಸತ್ತರು. ಒಂದಿಡೀ ತಂಡ ಒಂದು ರಾತ್ರಿಯಲ್ಲಿ ಇಲ್ಲವಾಯಿತು. ಡೇಮನ್‌ಗೆ ಆಗ 15 ವರ್ಷ.

ದುರಂತದ ಎರಡನೆಯ ಕಂತು ಬಂದದ್ದು ಕಾಗದಪತ್ರಗಳ ರೂಪದಲ್ಲಿ. ವಿಮಾನದ ನೋಂದಣಿಯ ಅವಧಿ ಮುಗಿದಿತ್ತು, ಚಾಲನಾ ಪರವಾನಗಿಯ ದಾಖಲೆಗಳೂ ಸರಿಯಾಗಿರಲಿಲ್ಲ. ಹಾಗಾಗಿ ವಿಮೆ ಊರ್ಜಿತವಾಗಲಿಲ್ಲ. ಸತ್ತವರ ಮನೆಯವರು ಪರಿಹಾರ ಕೋರಿ ದಾವೆ ಹೂಡಿದರು. ಅವರದೂ ನ್ಯಾಯವಾದ ಕೋರಿಕೆಯೇ. ಹಿಲ್ ಕುಟುಂಬದ ಆಸ್ತಿಯ ಬಹುಭಾಗ ಅದಕ್ಕೆ ಹೋಯಿತು, ಹರ್ಟ್‌ಫರ್ಡ್‌ಷೈರಿನ ದೊಡ್ಡ ಬಂಗಲೆ ಬಿಟ್ಟು ತಾಯಿ ಬೆಟ್ ಮೂವರು ಮಕ್ಕಳೊಂದಿಗೆ ಸೇಂಟ್ ಆಲ್ಬನ್ಸ್‌ನ ಚಿಕ್ಕ ಮನೆಗೆ ಬಂದಳು. ಅಪ್ಪ ನೆಟ್ಟ ಆಲದ ಮರ ಮಗನಿಗೆ ನೆರಳು ಕೊಡುವ ಮೊದಲೇ ಬುಡಸಮೇತ ಉರುಳಿತ್ತು.

ಡೇಮನ್ ಕಟ್ಟಡ ಕೆಲಸದಲ್ಲಿ ಕೂಲಿ ಮಾಡಿದ, ಲಂಡನ್ನಿನ ರಸ್ತೆಗಳಲ್ಲಿ ಬೈಕಿನ ಮೇಲೆ ಪಾರ್ಸೆಲ್ ಹಂಚಿದ, ಗೆಳೆಯರೊಡನೆ ಪಂಕ್ ಸಂಗೀತದ ವಾದ್ಯಗೋಷ್ಠಿಯಲ್ಲಿ ಗಿಟಾರ್ ನುಡಿಸಿದ. ಮನಸ್ಸು ಇದ್ದದ್ದು ಕಾರಿನ ಮೇಲಲ್ಲ, ಮೋಟರ್‌ಸೈಕಲ್ಲಿನ ಮೇಲೆ. 1981ರಲ್ಲಿ ಬೈಕ್ ರೇಸಿಗೆ ಇಳಿದು, 1984ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ 350 ಸಿಸಿ ಕ್ಲಬ್ ಮಟ್ಟದ ಚಾಂಪಿಯನ್‌ಷಿಪ್ ಗೆದ್ದ. ನಾಲ್ಕು ಗಾಲಿಯ ಕಡೆಗೆ ತಿರುಗಿಸಿದ್ದು ತಾಯಿ. ಬೈಕು ಅಪಾಯ, ಕಾರು ಅದಕ್ಕಿಂತ ವಾಸಿ ಎಂಬುದು ಆಕೆಯ ಲೆಕ್ಕ. ಅರವತ್ತರ ದಶಕದಲ್ಲಿ ರೇಸ್ ಚಾಲಕರ ಅಂತ್ಯಕ್ರಿಯೆಗಳಿಗೆ ಗಂಡನೊಡನೆ ಓಡಾಡಿದ್ದ ಹೆಂಗಸು ಕಾರನ್ನು ಸುರಕ್ಷಿತವೆಂದು ಆರಿಸಿದ್ದು ವಿಚಿತ್ರವೆನಿಸಬಹುದು. 1983ರಲ್ಲಿ ಆಕೆ ಮಗನನ್ನು ಫ್ರಾನ್ಸಿನ ಮ್ಯಾನಿಕೂರ್‌ನ ವಿನ್‌ಫೀಲ್ಡ್ ರೇಸಿಂಗ್ ಶಾಲೆಗೆ ಕಳಿಸಿದಳು. ಈಗಿನ ಚಾಲಕರು ಏಳೆಂಟು ವರ್ಷಕ್ಕೇ ಕಾರ್ಟ್ ಹತ್ತುತ್ತಾರೆ. ಡೇಮನ್ ಕಾರ್ ರೇಸಿನ ಅಕ್ಷರಾಭ್ಯಾಸ ಮಾಡಿದ್ದು 23ರ ಸುಮಾರಿಗೆ, ಅಪ್ಪನ ಹಾಗೆಯೇ ತಡವಾಗಿ.

1985ರಲ್ಲಿ ಫಾರ್ಮುಲಾ ಫೋರ್ಡ್, 1986ರಿಂದ ಮೂರು ವರ್ಷ ಬ್ರಿಟಿಷ್ ಫಾರ್ಮುಲಾ ತ್ರೀ, ಅದರಲ್ಲಿ 1988ರಲ್ಲಿ ಮೂರನೆಯ ಸ್ಥಾನ. ಅನಂತರ ಫಾರ್ಮುಲಾ 3000ರಲ್ಲಿ ಕಳೆದ ವರ್ಷಗಳು ಸಾಧಾರಣ. ಪೋಲ್, ಅಂದರೆ ಎಲ್ಲರಿಗಿಂತ ಮುಂದಿನಿಂದ ಹೊರಡುವ ಸ್ಥಾನ, ಕೆಲವು ಸಲ ಸಿಕ್ಕಿತು, ಗೆಲುವು ಒಂದೂ ಇಲ್ಲ. ಹಿಲ್ ಎಂಬ ಹೆಸರು ಪ್ರಾಯೋಜಕರ ಕಚೇರಿಯ ಬಾಗಿಲು ತೆರೆಸುತ್ತಿತ್ತು. ಒಳಗೆ ಹೋದ ಮೇಲೆ ಚೆಕ್ ಬರೆಸಿಕೊಳ್ಳುವುದು ಬೇರೆ ಮಾತು.

ತಿರುವು ಸಿಕ್ಕಿದ್ದು 1991ರಲ್ಲಿ, ಯಾರ ಕಣ್ಣಿಗೂ ಬೀಳದ ಕೆಲಸವೊಂದರಲ್ಲಿ. ವಿಲಿಯಮ್ಸ್ ತಂಡ ಡೇಮನ್‌ನನ್ನು ಟೆಸ್ಟ್ ಚಾಲಕನಾಗಿ ತೆಗೆದುಕೊಂಡಿತು. ರೇಸಿಲ್ಲದ ದಿನಗಳಲ್ಲಿ ಖಾಲಿ ಟ್ರ್ಯಾಕಿನ ಮೇಲೆ ನೂರಾರು ಸುತ್ತು ಹಾಕಿ, ಪ್ರತಿ ಬದಲಾವಣೆಯ ನಂತರ ಕಾರು ಹೇಗೆ ವರ್ತಿಸಿತೆಂದು ಎಂಜಿನಿಯರುಗಳಿಗೆ ಹೇಳುವುದು ಟೆಸ್ಟ್ ಚಾಲಕನ ಕೆಲಸ. ಆಗ ವಿಲಿಯಮ್ಸ್ ಕಂಪ್ಯೂಟರ್ ನಿಯಂತ್ರಿತ ‘ಆ್ಯಕ್ಟಿವ್’ ಸಸ್ಪೆನ್ಷನ್ ಹದಗೊಳಿಸುತ್ತಿತ್ತು: ಕಾರಿನ ತಳ ನೆಲದಿಂದ ಒಂದೇ ಎತ್ತರದಲ್ಲಿ ಉಳಿದರೆ ಗಾಳಿಯ ಒತ್ತಡ ಕಾರನ್ನು ಟ್ರ್ಯಾಕಿಗೆ ಒಂದೇ ಸಮನೆ ಅದುಮುತ್ತದೆ ಎಂಬುದು ಅದರ ತತ್ವ. 1992ರಲ್ಲಿ ತಂಡದ ಚಾಲಕ ಮ್ಯಾನ್ಸೆಲ್‌ಗೆ ಪಟ್ಟ ತಂದುಕೊಟ್ಟ ಕಾರಿನ ಹಿಂದಿನ ಬೆವರಿನಲ್ಲಿ ಡೇಮನ್‌ನ ಪಾಲು ದೊಡ್ಡದು. ಅದೇ ವರ್ಷ ಮುಳುಗುತ್ತಿದ್ದ ಬ್ರಾಭಮ್ ತಂಡದಲ್ಲಿ ರೇಸಿನ ಸೀಟೂ ಸಿಕ್ಕಿತು. ಎಂಟು ಸಲ ಪ್ರಯತ್ನಿಸಿ ಎರಡು ಸಲ ಮಾತ್ರ ಅರ್ಹತೆ ಪಡೆದ. ಸಿಲ್ವರ್‌ಸ್ಟೋನ್‌ನ ಮೊದಲ ರೇಸಿನಲ್ಲಿ, 31ನೆಯ ವಯಸ್ಸಿನಲ್ಲಿ, ಮುಗಿಸಿದವರಲ್ಲೇ ಕೊನೆಯವನಾಗಿ 16ನೆಯ ಸ್ಥಾನ. ಹಂಗರಿಯ ರೇಸಿನ ನಂತರ ಬ್ರಾಭಮ್ ಮುಚ್ಚಿತು.

1993ಕ್ಕೆ ಮ್ಯಾನ್ಸೆಲ್ ಅಮೆರಿಕಕ್ಕೂ ವಿಲಿಯಮ್ಸ್‌ನ ಇನ್ನೊಬ್ಬ ಚಾಲಕ ಪಟ್ರೇಸೆ ಬೆನೆಟನ್ ತಂಡಕ್ಕೂ ಹೋದರು. ಅಲನ್ ಪ್ರಾಸ್ಟ್‌ನ ಜೊತೆಗೆ ವಿಲಿಯಮ್ಸ್ ಡೇಮನ್‌ನನ್ನೇ ಕೂರಿಸಿತು. ಹಾಲಿ ಚಾಂಪಿಯನ್ ಕಣದಲ್ಲಿಲ್ಲದ ಕಾರಣ 1ನೆಯ ಸಂಖ್ಯೆ ಯಾರಿಗೂ ಇರಲಿಲ್ಲ. ಡೇಮನ್‌ನ ಕಾರಿನ ಮೇಲೆ ಬರೆದದ್ದು ಸೊನ್ನೆ. ಆ ವರ್ಷ ಪಟ್ಟ ಗೆದ್ದ ಪ್ರಾಸ್ಟ್ ನಿವೃತ್ತನಾದ್ದರಿಂದ ಮರುವರ್ಷವೂ ಅದೇ ಸೊನ್ನೆ. 1993ರ ಮೊನಾಕೊದಲ್ಲಿ ಅಯರ್ಟನ್ ಸೆನ್ನಾ ಆರನೆಯ ಸಲ ಗೆದ್ದು ಗ್ರಹಾಂ ಹಿಲ್‌ನ ಐದು ಗೆಲುವಿನ ದಾಖಲೆ ಮುರಿದ. ಎರಡನೆಯವನಾಗಿ ಬಂದು ಅವನ ಪಕ್ಕದಲ್ಲಿ ನಿಂತಿದ್ದವನು ಡೇಮನ್. ಸಿಲ್ವರ್‌ಸ್ಟೋನ್‌ನಲ್ಲಿ ಮುಂದಿದ್ದಾಗ ಎಂಜಿನ್ ಸಿಡಿಯಿತು, ಜರ್ಮನಿಯಲ್ಲಿ ಗೆಲುವು ಎದುರಿಗೇ ಕಾಣುತ್ತಿದ್ದಾಗ ಟೈರ್ ಪಂಕ್ಚರ್ ಆಯಿತು. ಕೊನೆಗೆ ಆಗಸ್ಟ್ 15ರಂದು ಹಂಗರಿಯಲ್ಲಿ ಮೊದಲ ಗೆಲುವು. ಬೆನ್ನಿಗೇ ಬೆಲ್ಜಿಯಂ, ಇಟಲಿ.

1994ರಲ್ಲಿ ಸೆನ್ನಾ ವಿಲಿಯಮ್ಸ್‌ಗೆ ಬಂದ. ಎಲೆಕ್ಟ್ರಾನಿಕ್ ನೆರವುಗಳನ್ನೆಲ್ಲ ನಿಷೇಧಿಸಿದ್ದರಿಂದ ಹೊಸ ಕಾರು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಮೇ 1ರಂದು ಇಮೊಲಾದಲ್ಲಿ ಸೆನ್ನಾ ಸತ್ತ. ಎರಡೇ ವರ್ಷದ ಅನುಭವದ ಡೇಮನ್ ರಾತ್ರೋರಾತ್ರಿ ತಂಡದ ಹಿರಿಯನಾದ. ನಾಲ್ಕು ವಾರಗಳ ನಂತರ ಸ್ಪೇನಿನಲ್ಲಿ ಗೆದ್ದ. ಇಲ್ಲಿ ಚರಿತ್ರೆ ಹಳೆಯ ಪುಟವನ್ನೇ ತಿರುವಿದಂತಿದೆ: 1968ರ ಏಪ್ರಿಲಿನಲ್ಲಿ ಜಿಮ್ ಕ್ಲಾರ್ಕ್ ಸತ್ತು ಲೋಟಸ್ ತಂಡ ದಿಕ್ಕೆಟ್ಟಿದ್ದಾಗ, ಮುಂದಿನ ತಿಂಗಳು ಗ್ರಹಾಂ ಗೆದ್ದು ತಂಡವನ್ನು ಎತ್ತಿ ನಿಲ್ಲಿಸಿದ್ದೂ ಸ್ಪೇನಿನಲ್ಲೇ. ಜುಲೈಯಲ್ಲಿ ಡೇಮನ್ ಬ್ರಿಟಿಷ್ ಗ್ರ್ಯಾನ್ ಪ್ರಿ ಗೆದ್ದ. ತಂದೆಗೆ ಕಡೆಯವರೆಗೂ ದಕ್ಕದ ರೇಸು ಅದು. 1960ರಲ್ಲಿ ಹಿಂದಿನಿಂದ ನುಗ್ಗಿ ಮುಂದೆ ಬಂದಿದ್ದ ಗ್ರಹಾಂನ ಕಾರು ಗಿರಕಿ ಹೊಡೆದು ಹೊರಗೆ ಹೋಗಿತ್ತು.

1994ರಲ್ಲಿ ಅಂಕಪಟ್ಟಿಯ ತುದಿಯಲ್ಲಿದ್ದ ಮೈಕೆಲ್ ಶೂಮಾಕರ್ ಎರಡು ರೇಸುಗಳಲ್ಲಿ ಅನರ್ಹನಾಗಿ, ಇನ್ನೆರಡಕ್ಕೆ ನಿಷೇಧಕ್ಕೊಳಗಾದದ್ದರಿಂದ ಅಂತರ ಕುಗ್ಗಿತು ಎಂಬುದನ್ನು ಮರೆಯುವಂತಿಲ್ಲ. ಆದರೆ ಜಪಾನಿನ ಸುಜುಕಾದ ಸುರಿಮಳೆಯಲ್ಲಿ ಡೇಮನ್ ಅವನನ್ನು ಎದುರೆದುರೇ ಸೋಲಿಸಿದ. ನನ್ನ ಮಟ್ಟಿಗೆ ಈತನ ಅತ್ಯುತ್ತಮ ಚಾಲನೆ ಅದೇ. ನವೆಂಬರ್ 13ರಂದು ವರ್ಷದ ಕೊನೆಯ ರೇಸಿಗೆ ಅಡಿಲೇಡ್‌ಗೆ ಬರುವಾಗ ಶೂಮಾಕರ್‌ಗೆ 92, ಹಿಲ್‌ಗೆ 91 ಅಂಕ. 36ನೆಯ ಸುತ್ತಿನಲ್ಲಿ ಶೂಮಾಕರ್ ಗೋಡೆಗೆ ತಾಗಿ ಟ್ರ್ಯಾಕಿಗೆ ಮರಳಿದ. ಒಳಬದಿಯಿಂದ ನುಗ್ಗಿದ ಡೇಮನ್‌ಗೆ ಅವನು ಜಾಗ ಬಿಡಲಿಲ್ಲ, ಡಿಕ್ಕಿಯಾಯಿತು. ಶೂಮಾಕರ್‌ನ ಕಾರು ಟೈರಿನ ರಾಶಿಗೆ ಹೋಯಿತು, ಡೇಮನ್‌ನ ಕಾರು ಮುಂಗಾಲಿಯ ಸಸ್ಪೆನ್ಷನ್ ಬಾಗಿ ಪಿಟ್‌ನಲ್ಲೇ ನಿಂತಿತು. ಅಧಿಕಾರಿಗಳು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಒಂದೇ ಅಂಕದಿಂದ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೋಡೆಗೆ ಬಡಿದ ಕಾರು ಹೇಗೂ ನಿಲ್ಲಲಿತ್ತೇನೋ, ಒಂದು ತಿರುವು ಕಾದಿದ್ದರೆ ಸಾಕಿತ್ತೇನೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಶೂಮಾಕರ್ ಗೋಡೆಗೆ ತಾಗಿದ್ದನ್ನು ಡೇಮನ್ ಆ ಕ್ಷಣದಲ್ಲಿ ನೋಡಿರಲಿಲ್ಲ.

1995 ನಿರಾಸೆಯ ವರ್ಷ. ನಾಲ್ಕು ಗೆಲುವಿದ್ದರೂ ಸಿಲ್ವರ್‌ಸ್ಟೋನ್ ಮತ್ತು ಮೊಂಜಾದಲ್ಲಿ ಶೂಮಾಕರ್‌ಗೆ ಡಿಕ್ಕಿ ಹೊಡೆದು ಹೆಸರು ಕೆಡಿಸಿಕೊಂಡ, ಎರಡನೆಯ ಸ್ಥಾನ.

1996ರಲ್ಲಿ ಏಡ್ರಿಯನ್ ನ್ಯೂಯಿ ವಿನ್ಯಾಸದ ಎಫ್‌ಡಬ್ಲ್ಯು 18 ಆ ಸಾಲಿನ ಎಲ್ಲ ಕಾರುಗಳಿಗಿಂತ ಮುಂದಿತ್ತು. ಹಾಗಾಗಿ ನಿಜವಾದ ಪೈಪೋಟಿ ತಂಡದೊಳಗೇ. ಪಕ್ಕದ ಕಾರಿನಲ್ಲಿದ್ದವನೂ ರೇಸಿನ ಮನೆತನದವನು: 1982ರಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಸತ್ತ ಜಿಲ್ ವಿಲ್ನೊವ್‌ನ ಮಗ ಜಾಕ್. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಇಬ್ಬರು ಒಂದೇ ಪಟ್ಟಕ್ಕೆ ಸೆಣಸಿದರು. 16 ರೇಸುಗಳಲ್ಲಿ ಒಂದರಲ್ಲೂ ಡೇಮನ್ ಮೊದಲ ಸಾಲು ಬಿಟ್ಟು ಹಿಂದಿನಿಂದ ಹೊರಡಲಿಲ್ಲ, ಎಂಟು ಗೆದ್ದ. ಮೊನಾಕೊ ಮಾತ್ರ ಮತ್ತೆ ಒಲಿಯಲಿಲ್ಲ, ಮುಂದಿದ್ದಾಗ ಎಂಜಿನ್ ಕೈಕೊಟ್ಟಿತು. ಋತುವಿನ ನಡುವೆಯೇ, ಅಂಕಪಟ್ಟಿಯ ತುದಿಯಲ್ಲಿದ್ದವನನ್ನು ಮುಂದಿನ ವರ್ಷಕ್ಕೆ ಬೇಡವೆಂದು ತಂಡ ತೀರ್ಮಾನಿಸಿ ಹೈಂಜ್-ಹೆರಾಲ್ಡ್ ಫ್ರೆಂಟ್‌ಜನ್‌ನ ಹೆಸರು ಹೇಳಿತು. ಆ ಸುದ್ದಿ ಹೊತ್ತೇ ಡೇಮನ್ ಉಳಿದ ರೇಸುಗಳನ್ನು ಓಡಿಸಬೇಕಾಯಿತು. ಅಕ್ಟೋಬರ್ 13ರಂದು ಸುಜುಕಾದಲ್ಲಿ ವಿಲ್ನೊವ್‌ನ ಕಾರಿನ ಗಾಲಿ ಕಳಚಿತು. ಡೇಮನ್ ರೇಸನ್ನೂ ಪಟ್ಟವನ್ನೂ ಒಟ್ಟಿಗೆ ಗೆದ್ದ. 97 ಅಂಕಕ್ಕೆ 78. ಗ್ರಹಾಂನನ್ನು ಕಂಡು ಬಲ್ಲ ಮುದಿ ವೀಕ್ಷಕ ವಿವರಣೆಗಾರ ಮರ್ರೇ ವಾಕರ್ ಗಂಟಲು ಕಟ್ಟಿ ಮಾತು ನಿಲ್ಲಿಸಬೇಕಾಯಿತು.

ಚಾಂಪಿಯನ್ ಆಗಿ ಸೇರಿದ್ದು ಅದುವರೆಗೆ ಒಂದೂ ರೇಸು ಗೆಲ್ಲದ ಆ್ಯರೋಸ್ ತಂಡಕ್ಕೆ. 1997ರ ಮೊದಲ ರೇಸು ಶುರುವಾಗುವ ಮೊದಲೇ ಕಾರು ಕೆಟ್ಟು ನಿಂತಿತು. ಆದರೆ ಹಂಗರಿಯಲ್ಲಿ ಶೂಮಾಕರ್‌ನನ್ನೇ ಹಿಂದಿಕ್ಕಿ ದೊಡ್ಡ ಅಂತರದಿಂದ ಮುಂದಿದ್ದ. ಕೊನೆಯ ಸುತ್ತುಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟು ಕುಂಟುತ್ತಾ ಎರಡನೆಯವನಾದ. ಆ್ಯರೋಸ್ 2002ರಲ್ಲಿ ಗೆಲುವು ಕಾಣದೆಯೇ ಬಾಗಿಲು ಹಾಕಿತು.

1998ರಲ್ಲಿ ಜೋರ್ಡನ್ ತಂಡ. ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾದಲ್ಲಿ ಮಳೆಗೆ ಮೊದಲ ತಿರುವಿನಾಚೆಯೇ ಹದಿಮೂರು ಕಾರುಗಳು ಒಂದಕ್ಕೊಂದು ಬಡಿದವು. ರೇಸು ಮತ್ತೆ ಶುರುವಾದ ಮೇಲೆ ಮುಂದಿದ್ದ ಶೂಮಾಕರ್ ನೀರಿನ ತುಂತುರಿನಲ್ಲಿ, ಹಿಂದೆ ಬಿದ್ದಿದ್ದ ಚಾಲಕ ಕೂಲ್ಟಾರ್ಡ್‌ನ ಕಾರಿಗೆ ಹಿಂದಿನಿಂದ ಗುದ್ದಿದ. ಡೇಮನ್ ಮೊದಲು, ತಂಡದ ಇನ್ನೊಬ್ಬ ಚಾಲಕ ರಾಲ್ಫ್ ಶೂಮಾಕರ್ ಎರಡನೆಯವನು. ಇಬ್ಬರೂ ಕಾದಾಡಿದರೆ ಇಬ್ಬರಿಗೂ ಇಲ್ಲವಾದೀತೆಂದು ಡೇಮನ್ ರೇಡಿಯೊದಲ್ಲಿ ಎಚ್ಚರಿಸಿದ, ತಂಡ ರಾಲ್ಫ್‌ನನ್ನು ತಡೆಯಿತು. ಜೋರ್ಡನ್‌ಗೆ ಅದು ಮೊದಲ ಗೆಲುವು, ಡೇಮನ್‌ಗೆ ಕೊನೆಯದು. ಕನ್ನಡ ಓದುಗರಿಗೆ ಈ ತಂಡದ ಮುಂದಿನ ಕತೆ ಗೊತ್ತಿರಬಹುದು: ಎರಡು ಕೈ ಬದಲಾಗಿ 2008ರಲ್ಲಿ ಅದು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಆಯಿತು. ಮರುವರ್ಷ ಅದೇ ಸ್ಪಾದಲ್ಲಿ ಅದರ ಚಾಲಕ ಫಿಸಿಕೆಲ್ಲಾ ಪೋಲ್ ಪಡೆದು ಎರಡನೆಯವನಾದ.

1999ರ ಕೊನೆಗೆ ಡೇಮನ್ ನಿವೃತ್ತನಾದ. 115 ರೇಸು, 22 ಗೆಲುವು, 20 ಪೋಲ್. ಗ್ರಹಾಂನ 14 ಸೇರಿದರೆ ಮನೆತನದ ಲೆಕ್ಕ 36. ಕಾರು ಒಳ್ಳೆಯದಿದ್ದುದರಿಂದ ಗೆದ್ದ ಎನ್ನುವವರು ಸ್ಪಾವನ್ನೂ 1997ರ ಹಂಗರಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶೂಮಾಕರ್‌ನ ಸಹಜ ವೇಗ ಡೇಮನ್‌ಗೆ ಇರಲಿಲ್ಲ ಎಂಬುದು ನಿಜ. ಟೆಸ್ಟ್ ಚಾಲಕನಾಗಿ ಕಲಿತ ತಾಳ್ಮೆಯಿಂದ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಂಡ.

2006ರಿಂದ 2011ರವರೆಗೆ ಬ್ರಿಟಿಷ್ ರೇಸಿಂಗ್ ಚಾಲಕರ ಕ್ಲಬ್ಬಿನ ಅಧ್ಯಕ್ಷನಾಗಿ, ಬ್ರಿಟಿಷ್ ಗ್ರ್ಯಾನ್ ಪ್ರಿಯನ್ನು 17 ವರ್ಷ ಸಿಲ್ವರ್‌ಸ್ಟೋನ್‌ನಲ್ಲೇ ಉಳಿಸುವ ಒಪ್ಪಂದಕ್ಕೆ ದುಡಿದ. 2010ರ ಮೊನಾಕೊದಲ್ಲಿ ರೇಸಿನ ತೀರ್ಪುಗಾರರಲ್ಲಿ ಒಬ್ಬನಾಗಿದ್ದಾಗ ಶೂಮಾಕರ್‌ಗೆ ದಂಡ ವಿಧಿಸಬೇಕಾಗಿ ಬಂದ ಪ್ರಸಂಗವೂ ಉಂಟು. 2012ರಿಂದ ಹಲವು ವರ್ಷ ಟೀವಿ ವಿಶ್ಲೇಷಕ. 2016ರಲ್ಲಿ ಬಂದ ಆತ್ಮಕತೆಯಲ್ಲಿ ತಂದೆಯ ಸಾವು ತನ್ನಲ್ಲಿ ಉಳಿಸಿದ ಖಿನ್ನತೆಯನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮಗ ಜಾಶ್ ಫಾರ್ಮುಲಾ ತ್ರೀವರೆಗೆ ಬಂದು, 2013ರಲ್ಲಿ ತಾನಾಗಿಯೇ ರೇಸು ಬಿಟ್ಟ.